ಬಾಯಿ ಬಿಡಬಾರದೆಂಬ ಷರತ್ತು

ಸಲೂನಿನ ಹಿಂದಿನ ಕೋಣೆ,
ಸೋಮವಾರ, ಮೇ ೧೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ? ಅಲುಗುವ ನೆಲದ ಮೇಲೆ ನಿಂತು ನೀನು ಪ್ರಯಾಣಿಕರ ಕೂದಲು ಕತ್ತರಿಸುವುದನ್ನು ನೆನೆದರೆ ನನಗೆ ಇಲ್ಲೇ ತಲೆ ಸುತ್ತುತ್ತದೆ. ಬೆರಳ ಸಂದಿಯ ತುರಿಕೆ ಹೋಗದಿದ್ದರೆ ಕೈಗವಸು ಹಾಕಿಕೊಂಡೇ ಕೆಲಸ ಮಾಡು. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ, ಕೈ ನಿನ್ನದು. ಅಮ್ಮ ಆರೋಗ್ಯವಾಗಿದ್ದಾಳೆ. ನೀನು ಹೋದ ಮೇಲೆ ಎರಡೂ ಕುರ್ಚಿ ಅವಳ ಪಾಲು. ಟವೆಲ್, ಪೊರಕೆ, ಗಲ್ಲಾ ನನ್ನ ಪಾಲು. ಬಿಡುವಿದ್ದಾಗ ಓದುತ್ತೇನೆ. "ಆ ಕರಪತ್ರ ಮಡಚಿಟ್ಟು ನೆಲದ ಕೂದಲು ಗುಡಿಸಪ್ಪಾ, ಕ್ರಾಂತಿ ಆಮೇಲೆ ಮಾಡುವಿಯಂತೆ" ಎನ್ನುವುದು ಅವಳ ದಿನದ ಮಂತ್ರ; ಈಗ ನನ್ನನ್ನು ಕರೆಯುವುದೇ ಕರಪತ್ರ ಎಂದು.

ಇನ್ನು ಸುದ್ದಿ. ಎದುರು ಸಾಲಿನ ಟೈಲರಮ್ಮ ಎಂದಿನಂತೆ ಕೂದಲಿಗೆ ಬಣ್ಣ ಹಾಕಿಸಿಕೊಳ್ಳಲು ಬಂದರು. ಅವರ ಹಳೆಯ ಬಣ್ಣ ಈಗ ತಯಾರಾಗುತ್ತಿಲ್ಲ, ಹೊಸದು ಬಂದಿದೆ. ಹೊಸ ಬಣ್ಣವೆಂದರೆ ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯಬೇಕೆಂದು ನಮಗೆಲ್ಲ ಕಲಿಸಿದವಳು ನೀನು. ಅಮ್ಮ ಕಾಯಲಿಲ್ಲ. "ಇವಳ ತಲೆ ನನ್ನ ತಲೆಗಿಂತ ಚೆನ್ನಾಗಿ ಗೊತ್ತು ನನಗೆ" ಎಂದಳು. ಟೈಲರಮ್ಮನೂ "ಹಚ್ಚೇ ಮಾರಾಯ್ತಿ, ನಾನೇನು ಹೊಸಬಳಾ" ಎಂದರು. ಪರಿಚಯ ಹಳೆಯದಾದಷ್ಟೂ ಪರೀಕ್ಷೆ ಅವಮಾನವೆನಿಸುವುದು ನಮ್ಮ ಕಸುಬಿನ ರೋಗ. ಮರುದಿನ ಅವರ ನೆತ್ತಿಯಲ್ಲಿ ನೀರು ಜಿನುಗುತ್ತಿತ್ತು, ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿದ್ದವು. ಸೂಜಿಗೆ ದಾರ ಪೋಣಿಸಲಾಗದೆ ಶಾಲಾ ಸಮವಸ್ತ್ರದ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟರು.

ನೀನು ಹೊರಡುವ ಮೊದಲು ಸಲೂನಿಗೆಂದು ವಿಮೆ ಮಾಡಿಸಿದಾಗ ನಾನು ಎಷ್ಟು ಕೂಗಾಡಿದ್ದೆ, ನೆನಪಿದೆಯೇ? ಭಯವನ್ನು ಪೊಟ್ಟಣ ಕಟ್ಟಿ ಮಾರುವ ವ್ಯಾಪಾರ ಎಂದಿದ್ದೆ. ಈಗ ಆ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ, ಮನೆಯಲ್ಲಿ ಅದನ್ನು ಓದಿದವನು ನಾನೊಬ್ಬನೇ. ಸಾವಿರಾರು ಸಲೂನುಗಳು ಚೂರು ಚೂರು ಹಾಕಿ, ಒಬ್ಬರ ಕೈತಪ್ಪಿನಿಂದ ನೊಂದ ಗಿರಾಕಿಯ ಕೈ ಹಿಡಿಯುವುದು: ಹನಿಗೂಡಿ ಹಳ್ಳ. ನನ್ನ ಕರಪತ್ರಗಳು ಹೇಳುವುದೂ ಇದನ್ನೇ, ಸ್ವಲ್ಪ ಜೋರಾಗಿ. ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಷರತ್ತು. ಕೆಲಸ ಮಾಡಿದವರು ಗಿರಾಕಿಯ ಮುಂದೆ ತಪ್ಪು ಒಪ್ಪಿಕೊಳ್ಳುವಂತಿಲ್ಲ. ಒಪ್ಪಿಕೊಂಡರೆ ಕಂಪನಿ ಪರಿಹಾರ ನಿರಾಕರಿಸಬಹುದು. ಅದನ್ನು ಅಮ್ಮನಿಗೆ ಓದಿ ಹೇಳಿದವನೂ ನಾನೇ. ಅಂದಿನಿಂದ ಟೈಲರಮ್ಮ ಬೀದಿಗೆ ಬಂದರೆ ಅಮ್ಮ ಪರದೆ ಎಳೆದು ಒಳಗೆ ಕೂರತೊಡಗಿದಳು. ನೊಂದವರಿಗೆ ಕೊಡುವುದಕ್ಕೆ ಮೊದಲು ಅವರ ಮುಂದೆ ಮೂಕರಾಗಿ ಎನ್ನುವ ನ್ಯಾಯ ಯಾವ ಸೀಮೆಯದು?

ತಡೆಯಲಾಗದೆ ನಾನೇ ಹೋದೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ನಿಂತುಕೊಂಡೇ, ತಪ್ಪು ನಮ್ಮದು, ಕ್ಷಮಿಸಿ ಎಂದೆ. ಷರತ್ತಿನ ಅನ್ಯಾಯವನ್ನೂ ವಿವರಿಸಿದೆ, ಬಹುಶಃ ಬೇಕಾದ್ದಕ್ಕಿಂತ ಹೆಚ್ಚು. ಟೈಲರಮ್ಮ ಒದ್ದೆ ಬಟ್ಟೆಯಿಂದ ಕಣ್ಣೊರೆಸಿಕೊಂಡು, "ಮುಗೀತಾ ಭಾಷಣ? ನಿಮ್ಮಮ್ಮ ಮೊದಲನೇ ದಿನವೇ ಹಿತ್ತಿಲ ಬಾಗಿಲಿಂದ ಬಂದು, ನನ್ನ ಕೈ ಹಿಡ್ಕೊಂಡು ಅತ್ತು ಹೋದ್ಲು. ದಿನಾ ಬರ್ತಾಳೆ. ನೆತ್ತಿಗೆ ಮುಲಾಮು ಯಾರು ಹಚ್ತಿದ್ದಾರೆ ಅಂದ್ಕೊಂಡೆ? ಪರದೆ ಎಳೆಯೋದು ಊರಿಗೆ ಕಾಣಲಿ ಅಂತ ಕಣೋ, ಪೆದ್ದ" ಎಂದರು.

ಮೊನ್ನೆ ಕಂಪನಿಯ ತನಿಖೆಯವನು ಬಂದ. ಟೈಲರಮ್ಮ ನಮ್ಮ ಅಂಗಡಿಯಲ್ಲೇ ಕುಳಿತು, "ಈ ಮನೆಯವರು ಒಂದು ಮಾತೂ ಆಡಿಲ್ಲ ಸ್ವಾಮಿ, ಕಲ್ಲಿನಂಥವರು" ಎಂದು ಅಮ್ಮನನ್ನು ಎಷ್ಟು ಚೆನ್ನಾಗಿ ಬಯ್ದರೆಂದರೆ ಅಮ್ಮನ ಮುಖ ನಿಜಕ್ಕೂ ಕೆಂಪಾಯಿತು. ನಾನು ಎದ್ದು ನಿಂತು, ನಾನು ಕ್ಷಮೆ ಕೇಳಿದ್ದೇನೆ ಎಂದೆ. ಅಮ್ಮ ಕಣ್ಣಲ್ಲೇ ಸುಟ್ಟಳು. ಆತ ಹಾಳೆ ತಿರುವಿ, "ಪಾಲಿಸಿಯ ಕೆಲಸಗಾರರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ. ನೀವು ಕೇಳಿದ್ದೂ ಒಂದೇ, ದಾರಿಲಿ ಹೋಗೋರು ಕೇಳಿದ್ದೂ ಒಂದೇ. ನಿಮ್ಮ ತಾಯಿ ಏನಾದರೂ ಅಂದರಾ?" ಎಂದ. ನನ್ನ ಮುಂದೆ ಏನೂ ಅಂದಿಲ್ಲ ಎಂದೆ. ಅಕ್ಷರಶಃ ಸತ್ಯ. ಬೇರೆಯವರು ಇಂಥ ಸತ್ಯ ಹೇಳಿದ್ದರೆ ನಾನು ಅದಕ್ಕೆ ಏನೆನ್ನುತ್ತಿದ್ದೆನೆಂದು ನಿನಗೆ ಗೊತ್ತು.

ಅಮ್ಮನ ಆಶೀರ್ವಾದ. ಬಿಸಿನೀರು ಕುಡಿಯಬೇಕಂತೆ, ರಾತ್ರಿ ಡೆಕ್ಕಿನ ಗಾಳಿಗೆ ನಿಲ್ಲಬಾರದಂತೆ.

ನಿನ್ನ ತಮ್ಮ,
ಕರಪತ್ರ

ಮರೆತಿದ್ದೆ: ಪಾಲಿಸಿ ನಿನ್ನ ಹೆಸರಿನಲ್ಲಿದೆ. ಹಡಗು ದಡ ಮುಟ್ಟಿದ ಕೂಡಲೇ ಆತ ನಿನಗೂ ಫೋನ್ ಮಾಡಿ, ಅಮ್ಮ ತಪ್ಪೊಪ್ಪಿಕೊಂಡದ್ದೇನಾದರೂ ಗೊತ್ತೇ ಎಂದು ಕೇಳುತ್ತಾನೆ. ಈ ಪತ್ರ ಓದುವವರೆಗೆ ನಿನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿದವನು ನಾನು. ಸುಳ್ಳು ಹೇಳು ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ಟೈಲರಮ್ಮನ ಎಡಗಣ್ಣಿಗೆ ಮಳೆಗಾಲ ಮುಗಿಯುವವರೆಗೂ ದುಬಾರಿ ಚಿಕಿತ್ಸೆ ಬೇಕೆಂದು ಡಾಕ್ಟರು ಇವತ್ತು ಹೇಳಿದರು. ಅಷ್ಟನ್ನು ಮಾತ್ರ ತಿಳಿಸುತ್ತಿದ್ದೇನೆ.