ನಿನ್ನ ಒಂದು ಸ್ಕೀ

ಸುಮಂತ್,

ನೀನು ಏಳುವ ಹೊತ್ತಿಗೆ ನಾನು ಸೆಂಡಾಯ್ ನಗರಕ್ಕೆ ಹೋಗುವ ಬಸ್ಸಿನಲ್ಲಿರುತ್ತೇನೆ. ನೀನು ಹಿಮದ ಮೇಲೆ ಜಾರುವ ಜೋಡಿ ಸ್ಕೀಗಳಲ್ಲಿ ಒಂದನ್ನು ಒಯ್ಯುತ್ತಿದ್ದೇನೆ, ಹುಡುಕಬೇಡ.

ನಿನ್ನೆ ಗೈಡ್ ಮೋರಿ-ಸಾನ್ ಇಳಿಜಾರಿನಲ್ಲಿ ಹಿಮ ಅಗೆದು ತೋರಿಸಿದ್ದನ್ನು ನೀನೂ ನೋಡಿದೆ. ಹೊಸ ಹಿಮದ ಅಡಿಯ ಪದರ ರವೆಯಂತೆ ಉದುರುತ್ತಿತ್ತು. ಅವರು ಸಲಿಕೆಯಿಂದ ಮೆಲ್ಲಗೆ ತಟ್ಟಿದ್ದೇ ತಡ, ಮೇಲಿನದೆಲ್ಲ ಹಲಗೆಯಂತೆ ಜಾರಿತು. "ನಾಳೆ ಯಾರೂ ಹತ್ತಬಾರದು" ಎಂದರು. ನೀನು ನನ್ನತ್ತ ತಿರುಗಿ, "ಇವರು ದಿನಾ ಹೀಗೇ ಹೇಳ್ತಾರೆ ಬಿಡು, ನಾನೊಬ್ನೇ ಹೋಗ್ತೀನಿ" ಅಂದೆ. ಎಷ್ಟು ಬೇಡಿಕೊಂಡರೂ ಅಲಾರಂ ಇಟ್ಟು ಮಲಗಿದೆ.

ನಿನಗೆ ಬೇರೆ ಸ್ಕೀ ಬಾಡಿಗೆಗೆ ಕೊಡಬೇಡಿ ಎಂದು ಲಾಡ್ಜಿನವರಿಗೆ ಹೇಳಿದ್ದೇನೆ. ಫ್ಲಾಸ್ಕಿನಲ್ಲಿ ಕಾಫಿ ಇದೆ. ಮಧ್ಯಾಹ್ನದ ಬಸ್ಸಿಗೆ ಬಾ.

ಇದನ್ನು ಬರೆಯುವಾಗಲೇ ಬೆಟ್ಟದ ಮೇಲೆಲ್ಲೋ ಹಿಮ ಕುಸಿದು ಗುಡುಗಿನಂಥ ಸದ್ದು ಬಂತು. ನೀನು ಮಗ್ಗುಲು ಬದಲಿಸಿದೆ, ಅಷ್ಟೇ.

ಬೈಯಬೇಕಿದ್ದರೆ ಮನೆಗೆ ಬಂದು ಬೈ.

ನಿನ್ನ ಹೆಂಡತಿ,
ನಮ್ರತಾ