ಬಾಳವ್ವನ ಪರಿಸರ

ಗೋಕಾಕ
೧೧ ಅಕ್ಟೋಬರ್ ೧೯೫೮

ಪ್ರೀತಿಯ ಸಾವಿತ್ರಿಗೆ ಶರಣು.

ಹುಕ್ಕೇರಿಯಿಂದ ನೀನು ಬರೆದ ಎರಡು ಪತ್ರಗಳಿಗೂ ಉತ್ತರಿಸಿಲ್ಲ, ಬೇಸರಿಸಬೇಡ. ಬರೆಯುವಂಥ ಒಳ್ಳೆಯ ಸುದ್ದಿ ಏನಾದರೂ ಇರಲಿ ಎಂದು ಕಾಯುತ್ತಿದ್ದೆ. ಅದು ಬರಲಿಲ್ಲ.

ಮಗಳು ಬಾಳವ್ವ ಮಳೆಗಾಲದಿಂದ ನನ್ನ ಬಳಿಯೇ ಇದ್ದಾಳೆ. ಗಂಡನ ಮನೆ ಮೂಡಲಗಿಯಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಯಿತು, ತವರಿಗೆ ಕರೆತರುವುದೂ ಆಗಲಿಲ್ಲ. ತೊಟ್ಟಿಲಿಗೆ ಹಾಕುವ ಮುನ್ನವೇ ಕೂಸು ಹೋಯಿತು. ನಮ್ಮವರ ರೂಢಿಯಂತೆ ಮನೆಯ ಹೊಲದಲ್ಲೇ ಮಣ್ಣು ಕೊಟ್ಟರು. ಅಂದಿನಿಂದ ಆಕೆ ಊಟ ಬಿಟ್ಟು ಹೊಲದ ಬದುವಿನ ಮೇಲೆ ಕೂಡತೊಡಗಿದಳು. ಪರಿಸರ ಬದಲಾಗಬೇಕು ಎಂದರು ಡಾಕ್ಟರರು. ಅವರ ಲೆಕ್ಕದಲ್ಲಿ ಅದು ಗಾಳಿ, ನೀರು, ಹಾಲು. ಬೀಗತಿಗೆ ಅದು ಓಣಿಯ ಹೆಂಗಸರ ಬಾಯಿ. ನಾನು ಪುಸ್ತಕ, ಪದ್ಯ, ಹೊಳೆಯ ದಂಡೆ ಎಂದುಕೊಂಡು ಇಲ್ಲಿಗೆ ಕರೆತಂದೆ.

ಸಂಜೆಗೆ ಘಟಪ್ರಭೆಯ ಕಡೆ ನಡೆದೆವು. ಪದ್ಯ ಓದಿ ಹೇಳಿದೆ. ನನ್ನ ಸಮಾಧಾನಕ್ಕೆಂದು ಕೇಳಿಸಿಕೊಂಡಳು. ಕೊರಳ ಎಲುಬು ಎದ್ದು ಕಾಣುತ್ತಲೇ ಹೋಯಿತು. ಮೊನ್ನೆ ರೊಟ್ಟಿಯ ತಾಟು ಸರಿಸಿ ಅಂದಳು:

“ಅವ್ವಾ, ಅಲ್ಲಿ ಬದುವಿನ ಮ್ಯಾಲ ಕುಂತಾಗ ನಾ ಕೂಸಿನ ಕೂಡ ಇರ್ತಿದ್ದೆ. ನೀವೆಲ್ಲಾರೂ ಅದನ್ನ ಜಡ್ಡು ಅಂದ್ರಿ. ಇಲ್ಲಿ ನನ್ನ ಸುತ್ತ ಏನೈತಿ ಹೇಳು? ನಿನ್ನ ಪುಸ್ತಕ ಅದಾವು.”

ಹಾಗಾದರೆ ನಿನ್ನ ಮನೆಗೇ ಹೋಗು ಎಂದೆ. ಆಗ ತಾಟು ಎಳೆದುಕೊಂಡು ಉಂಡಳು. ನಾಳೆ ಗಂಡ ಕೇದಾರಿಯವರೊಂದಿಗೆ ಮೂಡಲಗಿಗೆ ಹೊರಡುತ್ತಾಳೆ.

ನಿನ್ನ ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಟ್ಟು ಹರಸು. ಅವರು ತಂಪಾಗಿರಲಿ.

ನಿನ್ನ
ಗೌರಿ

ತಾ.ಕ.: ಪತ್ರ ಮುಗಿಸಿದ ಮೇಲೆ ಅಳಿಯಂದಿರು ಬಂದರು. ಅಂಗಳದಲ್ಲಿ ಕಾಲು ತೊಳೆಯುತ್ತ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು: “ಡಾಕ್ಟರ್ ಅಂದದ್ದು ಖರೆ ಐತ್ರಿ ಅತ್ತಿ. ಆಕಿ ಬರೂದರಾಗ ಎಲ್ಲಾ ಬದಲಾಗಿರ್ಲಿ, ಆ ಜಾಗಾ ಕಣ್ಣಿಗೆ ಬೀಳೂದು ಬ್ಯಾಡ ಅಂತ ಹೊಲಾ ಪೂರ್ತಿ ಹರಗಿ ಜ್ವಾಳಾ ಬಿತ್ತೀನ್ರಿ. ಕೂಸು ಎಲ್ಲಿತ್ತು ಅಂತ ಈಗ ನನಗೂ ಗೊತ್ತಾಗಂಗಿಲ್ಲ.”

ಒಳಗೆ ಬಾಳವ್ವ ಬಿಲ್ವಪತ್ರಿಯ ಸಸಿಯೊಂದರ ಬೇರಿಗೆ ಹಸಿ ಗೋಣಿತಟ್ಟು ಸುತ್ತುತ್ತಿದ್ದಾಳೆ. ಕೂಸಿನ ತಲೆಯ ಕಡೆಗೆ ನೆಡಬೇಕಂತೆ. ಕೇದಾರಿಯವರು ಬಾಗಿಲಿನಿಂದ ಅದನ್ನು ಕಂಡು ಹಿಂದಕ್ಕೆ ಬಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನೂ ಇಲ್ಲೇ ಇದ್ದೇನೆ. ಇಬ್ಬರಲ್ಲಿ ಯಾರೂ ಒಳಗೆ ಹೋಗಿಲ್ಲ.