ಖಾಲಿ ಜಾಗಕ್ಕೆ ಸೊನ್ನೆ

ಶನಿವಾರ, ಬೆಳಿಗ್ಗೆ

ಅಕ್ಕಾ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದೆ. ಮೊದಲು ಜಗಳ ಮುಗಿಯಲಿ. ಚಿಕ್ಕದಕ್ಕೆ ಹಲ್ಲು ಬರುತ್ತಿದೆ, ಆದರೆ ಅದು ಮಲಗಿದರೂ ನನಗೆ ನಿದ್ದೆ ಇಲ್ಲ. ಕಾರಣ ಹಲ್ಲಲ್ಲ, ನೀನು.

ನನ್ನ ದೊಡ್ಡವಳನ್ನು, ನಿನ್ನ ಚಿನಕುರುಳಿಯನ್ನು, ಸೋಮವಾರದಿಂದ ನಿಧಾನವಾಗಿ ಕಲಿಯುವ ಮಕ್ಕಳ ಕೋಣೆಗೆ ಹಾಕುತ್ತಾರಂತೆ. ಎರಡನೇ ಕ್ಲಾಸಿಗೇ ಔಷಧಿ ಬಾಟಲಿಯ ಚೀಟಿಯನ್ನೂ ಬಿಡದೆ ಓದುವವಳಿಗೆ ಓದಿನ ಪರೀಕ್ಷೆಯಲ್ಲಿ ಸೊನ್ನೆ! ಟೀಚರ್ ಹತ್ತಿರ ಓಡಿದೆ. ಅವರು, ಪರೀಕ್ಷೆಯ ದಿನ ಇವಳು ಶಾಲೆಗೇ ಬಂದಿರಲಿಲ್ಲ ಮೇಡಂ, ನಾನು ಅಂಕದ ಜಾಗ ಖಾಲಿ ಬಿಟ್ಟಿದ್ದೆ, ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಕೊಂಡಿದೆ, ಯಾರಿಗೆ ಯಾವ ಕೋಣೆ ಅಂತ ಈಗ ಅದೇ ಹೇಳೋದು, ಅಂದರು. ಆ ಸಂಸ್ಥೆಯ ತಂತ್ರಜ್ಞಾನದ ಮುಖ್ಯಸ್ಥೆ ನನ್ನ ಸ್ವಂತ ಅಕ್ಕ ಅಂತ ಹೇಳಲು ನಾಲಿಗೆ ಏಳಲಿಲ್ಲ.

ನೀನು ಶುರು ಮಾಡಿದ್ದು ಹೇಗೆ, ನೆನಪಿದೆಯಾ? ಶಾಲೆ ಶಾಲೆ ಸುತ್ತಿ, ಗೆದ್ದಲು ಹಿಡಿದ ಅಂಕಪಟ್ಟಿಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದೆ. ರಜೆಯಲ್ಲಿ ನಾನು ಓದಿ ಹೇಳೋದು, ನೀನು ಕಂಪ್ಯೂಟರಿಗೆ ಏರಿಸೋದು. ಏನೂ ಬರೆಯದ ಜಾಗಕ್ಕೆ ನಾನು ಸೊನ್ನೆ ಅಂದುಬಿಟ್ಟರೆ ನೀನು ನನ್ನ ತಲೆಗೆ ಮೊಟಕಿ, ಮಗು ಬರಲಿಲ್ಲ ಅನ್ನೋದೇ ಬೇರೆ, ಬಂದು ಬರೆಯಲಾಗಲಿಲ್ಲ ಅನ್ನೋದೇ ಬೇರೆ ಕಣೇ ಪೆದ್ದಿ, ಅನ್ನುತ್ತಿದ್ದೆ. ಆ ಅಕ್ಕನನ್ನು ಯಾವ ಮೀಟಿಂಗಿನಲ್ಲಿ ಮರೆತು ಬಂದೆ?

ನಿನ್ನೆ ಫೋನಿನಲ್ಲಿ ನೀನೇ ಹೇಳಿದೆ: ಹೊಸ ವ್ಯವಸ್ಥೆ ಖಾಲಿ ಜಾಗ ಒಪ್ಪುತ್ತಿರಲಿಲ್ಲ, ಉದ್ಘಾಟನೆ ಕುತ್ತಿಗೆಗೆ ಬಂದಿತ್ತು, ಸದ್ಯಕ್ಕೆ ಸೊನ್ನೆ ಹಾಕಿ ಅಂದೆ, ಸರಿಮಾಡೋದು ಹಾಗೇ ಉಳಿದುಹೋಯಿತು, ಅಂತ. ಅಷ್ಟಕ್ಕೇ ನಿಲ್ಲಿಸಿದ್ದರೆ ಕ್ಷಮಿಸುತ್ತಿದ್ದೆನೇನೋ. ಆಮೇಲೆ ದನಿ ಮೆತ್ತಗೆ ಮಾಡಿ, ಇವಳದ್ದೊಂದು ಇವತ್ತೇ ತೆಗೆಸ್ತೀನಿ, ಯಾರ ಹತ್ತಿರಾನೂ ಬಾಯಿ ಬಿಡಬೇಡ, ಅಂದೆಯಲ್ಲ, ಮೈಯೆಲ್ಲ ಉರಿದುಹೋಯಿತು. ಪಕ್ಕದ ಮನೆ ದರ್ಜಿಯ ಮಗ ಪರೀಕ್ಷೆಯ ದಿನ ಜ್ವರದಲ್ಲಿ ಮಲಗಿದ್ದ. ಅವನಿಗೂ ಸೊನ್ನೆ, ಅವನಿಗೂ ಅದೇ ಕೋಣೆ. ಅವನದ್ದನ್ನು ತೆಗೆಸೋಕೆ ಯಾವ ದೊಡ್ಡಮ್ಮ ಇದ್ದಾಳೆ?

ಸುಳ್ಳು ಯಾಕೆ ಹೇಳಲಿ, ಹೆತ್ತ ಹೊಟ್ಟೆ, ಹೂಂ ಅನ್ನಲು ಬಾಯಿ ತುದಿಗೆ ಬಂದಿತ್ತು. ಬೇಡ. ಇವಳ ಸೊನ್ನೆ ಒಂದನ್ನೇ ಮುಟ್ಟಬೇಡ. ತೆಗೆದರೆ ಎಲ್ಲ ಮಕ್ಕಳದ್ದೂ ತೆಗೆ, ತಪ್ಪು ನನ್ನದು ಅಂತ ಶಾಲೆಗಳಿಗೆ ನಿನ್ನ ಹೆಸರಿನಲ್ಲೇ ತಿಳಿಸು. ಇಲ್ಲದಿದ್ದರೆ ಸೋಮವಾರ ನಿನ್ನ ಚಿನಕುರುಳಿ ದರ್ಜಿಯ ಮಗನ ಕೈ ಹಿಡಿದುಕೊಂಡು ಆ ಕೋಣೆಗೆ ಹೋಗುತ್ತಾಳೆ. ನಾನೇ ಬಿಟ್ಟು ಬರುತ್ತೇನೆ.

ನೀನು ಮೊಂಡಿ ಅಂತ ಕರೆಯುವ,
ನಿನ್ನ ತಂಗಿ

ಮತ್ತೆ: ಪರೀಕ್ಷೆಯ ದಿನ ಅವಳು ಯಾಕೆ ಶಾಲೆಗೆ ಹೋಗಲಿಲ್ಲ ಅಂತ ನೀನು ಕೇಳಲೇ ಇಲ್ಲ. ನಿನ್ನ ಆಫೀಸಿನ ಗೋಡೆಯ ಮೇಲೆ ಅವತ್ತಿನ ಪ್ರಶಸ್ತಿ ಸಮಾರಂಭದ ಫೋಟೋ ಇದೆಯಲ್ಲ, ನೋಡು. ಮುಂದಿನ ಸಾಲಿನ ಕುರ್ಚಿ ಹತ್ತಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾಳೆ. ದೊಡ್ಡಮ್ಮನಿಗೆ ಪ್ರೈಜ್ ಕೊಡೋದು ನೋಡಲೇಬೇಕು ಅಂತ ಅತ್ತು ಕರೆದು ಬಂದಿದ್ದಳು.